ಶೇಷ ನೂರಾ ಹದಿನಾರು

ನಾಗನಾಥ ಮಾಸ್ತರರು ಸುಳ್ಳು ಹೇಳುವ ಪೈಕಿ ಅಲ್ಲ. ಅದನ್ನು ಅವರ ದೊಡ್ಡ ಗುಣವೆಂದು ನಾನು ಹೊಗಳಲಾರೆ. ಸುಳ್ಳಿಗೆ ಬೇಕಾದ ಚಾಲಾಕಿತನ ಅವರಲ್ಲಿರಲಿಲ್ಲ, ಅಷ್ಟೇ. ಹೆಂಡತಿ ತುಳಜಾಬಾಯಿ ಮಾಡಿದ ಸಾರಿಗೆ ಉಪ್ಪು ಹೆಚ್ಚಾಗಿದ್ದರೆ ಚೆನ್ನಾಗಿದೆ ಎನ್ನಲೂ ಬಾರದೆ, ಚೆನ್ನಾಗಿಲ್ಲ ಎನ್ನಲೂ ಧೈರ್ಯ ಸಾಲದೆ, ತಾಟನ್ನೇ ನೋಡುತ್ತ ಕೂರುವವರು. ಹುಮನಾಬಾದಿನ ಶಾಲೆಯಲ್ಲಿ ಹದಿನೆಂಟು ವರ್ಷ ಲೆಕ್ಕ ಕಲಿಸಿದ ಅಂಥ ಮನುಷ್ಯ, 1949ರ ಜನವರಿಯ ಒಂದು ಭಾನುವಾರ, ಕಲ್ಯಾಣಿಯ ದರ್ಜಿಯೊಬ್ಬನ ಪಡಸಾಲೆಯಲ್ಲಿ ಕೂತು, ಕಪ್ಪು ರಟ್ಟಿನ ಪುಸ್ತಕದಲ್ಲಿ 239ರ ಮುಂದೆ ಶೇಷ 116 ಎಂದು ಬರೆದರು. ಬರೆಯಬೇಕಾಗಿದ್ದದ್ದು ಸೊನ್ನೆ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಯಾಕೆ ಹಾಗೆ ಬರೆದರು ಎಂಬುದಕ್ಕೆ ಒಂದು ವರ್ಷ ಹಿಂದೆ ಹೋಗಬೇಕು.

ಈಗ ಬಸವಕಲ್ಯಾಣ ಎನ್ನುವ ಊರನ್ನು ಆಗ ಕಲ್ಯಾಣಿ ಎನ್ನುತ್ತಿದ್ದರು. ಅಲ್ಲಿ ಬಂದೇನವಾಜ್ ಎಂಬ ದರ್ಜಿ ಇದ್ದ. ಶೇರವಾನಿ ಹೊಲಿಯುವುದರಲ್ಲಿ ಅವನನ್ನು ಮೀರಿಸಿದವರು ಸುತ್ತಮುತ್ತ ಯಾರೂ ಇರಲಿಲ್ಲ. ಶಾಲೆಗೆ ಇನ್‌ಸ್ಪೆಕ್ಟರ್ ಬರುತ್ತಾರೆಂಬ ಸುದ್ದಿ ಹುಟ್ಟಿ, 1947ರ ಡಿಸೆಂಬರಿನಲ್ಲಿ ಮಾಸ್ತರರು ಬಟ್ಟೆ ಹಿಡಿದು ಅವನಲ್ಲಿಗೆ ಹೋದರು. ಅಂದು ಶುಕ್ರವಾರ. ನಿಜಾಮರ ಕಾಲದಲ್ಲಿ ಶಾಲೆಗೆ ರಜೆ ಶುಕ್ರವಾರವೇ. ದರ್ಜಿ ಬೇರೆ ಯಾರದೋ ತೋಳು ಹೊಲಿಯುತ್ತಿದ್ದ. ಕಾಯುತ್ತ ಕೂತ ಮಾಸ್ತರರ ಕಣ್ಣು ಮಿಷನ್ನಿಗೆ ಬಡಿದಿದ್ದ ಹಿತ್ತಾಳೆಯ ತಗಡಿನ ಮೇಲೆ ಬಿತ್ತು. ಅದರ ಮೇಲೊಂದು ನಂಬರ್: 4,75,06,747.

ಅಂಕಿ ಕಂಡರೆ ಸುಮ್ಮನಿರಲಾರದ ಚಟ ಮಾಸ್ತರರದು. ತಮ್ಮಷ್ಟಕ್ಕೆ ಗುನುಗಿಕೊಂಡರು: "ಮೂರರಿಂದ ಹೋಗಂಗಿಲ್ಲ. ಏಳರಿಂದ ಒಂದು ಉಳೀತದ. ಹನ್ನೊಂದರಿಂದ ಎರಡು…"

ಮಿಷನ್ನಿನ ಗಾಲಿ ನಿಲ್ಲಲಿಲ್ಲ. ಅದರ ಹಿಂದಿನಿಂದ ದನಿ ಬಂತು: "ಹದಿಮೂರರಿಂದನೂ ಎರಡ ಉಳೀತದ್ರಿ ಮಾಸ್ತರ್. ಹದಿನೇಳರಿಂದ ಒಂಬತ್ತು."

ಮಾಸ್ತರರು ಬೆಚ್ಚಿ ತಲೆಯೆತ್ತಿದರು. ಐವತ್ತು ದಾಟಿದ, ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡ ಆ ಮನುಷ್ಯ ಮದರಸಾದಲ್ಲಿ ನಾಲ್ಕೇ ವರ್ಷ ಓದಿದವ. ಉಳಿದ ಹಿಸಾಬನ್ನೆಲ್ಲ ಅಪ್ಪನ ಪಕ್ಕ ಕೂತು ಬಟ್ಟೆ ಕತ್ತರಿಸುತ್ತ ಕಲಿತದ್ದು. ಹದಿನಾರು ವರ್ಷದಿಂದ ಆ ಮಿಷನ್ ತುಳಿಯುತ್ತ, ಕಣ್ಣೆದುರಿನ ಆ ನಂಬರನ್ನು ಒಡೆಯಲು ನೋಡುತ್ತಿದ್ದನಂತೆ.

"ನಂಗ ಅನಸ್ತದ, ಇದು ಮುಫ್ರದ್ ಅದ," ಎಂದ. ತನ್ನಿಂದ ಮತ್ತು ಒಂದರಿಂದಲ್ಲದೆ ಬೇರೆ ಯಾವುದರಿಂದಲೂ ಪಾಲಾಗದ ಅಂಕಿಗೆ ಉರ್ದುವಿನಲ್ಲಿ ಹಾಗೆನ್ನುತ್ತಾರೆ. ಮಾಸ್ತರರು ಶಾಲೆಯಲ್ಲಿ ಉರ್ದುವಿನಲ್ಲೇ ಪಾಠ ಮಾಡುತ್ತಿದ್ದುದರಿಂದ ತಿಳಿಯದ ಮಾತೇನಲ್ಲ.

"ಅನಸೋದಲ್ಲ ಭಾಯಿ. ನೋಡೇಬಿಡಬೇಕು," ಎಂದರು.

ಅಳತೆ ಕೊಡಲು ಬಂದವರು ಅಳತೆ ಕೊಡುವುದನ್ನೇ ಮರೆತು ಸಂಜೆಯ ಬಸ್ಸಿಗೆ ಹೊರಟರು. ದರ್ಜಿಯ ಹೆಂಡತಿ ಕುಲ್ಸುಮ್ ಬೀ ಬಾಗಿಲಿಗೆ ಬಂದು, ಶೇರವಾನಿಗೆ ಕೈ ಎಷ್ಟುದ್ದ ಇಡಬೇಕೆಂದು ಆ ನಂಬರನ್ನೇ ಕೇಳಬೇಕೇನು ಎಂದು ಗಂಡನನ್ನು ಛೇಡಿಸಿದಳು.

ಇಷ್ಟು ದೊಡ್ಡ ಅಂಕಿ ಒಡೆಯುತ್ತದೋ ಇಲ್ಲವೋ ನೋಡುವುದಕ್ಕೆ ಜಾಣತನ ಬೇಕಿಲ್ಲ, ತಾಳ್ಮೆ ಬೇಕು. ಅದು ಎರಡು ತುಂಡಾಗುವುದಾದರೆ ಒಂದು ತುಂಡಾದರೂ 6,892ರ ಒಳಗಿರಲೇಬೇಕು, ಎರಡೂ ಅದಕ್ಕಿಂತ ದೊಡ್ಡವಾದರೆ ಗುಣಿಸಿದಾಗ ಅಂಕಿಯನ್ನೇ ದಾಟಿಬಿಡುತ್ತವೆ. ಅದರೊಳಗಿನ ಒಡೆಯದ ಅಂಕಿಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದರಿಂದಲೂ ಭಾಗಿಸಿ ನೋಡಿದರೆ ಮುಗಿಯಿತು. ಪಟ್ಟಿ ಮಾಡುವುದಕ್ಕೇ ಮಾರ್ಚ್ ಬಂತು. ಒಟ್ಟು ಎಂಟುನೂರ ಎಂಬತ್ತಾರು ಅಂಕಿ. ಐವತ್ತರೊಳಗಿನವನ್ನು ಇಬ್ಬರೂ ಕೂಡಿ ಒಂದೇ ಮಧ್ಯಾಹ್ನ ಮುಗಿಸಿದರು. ಉಳಿದವನ್ನು ಪಾಲು ಹಾಕಿಕೊಂಡರು: ಒಂದು ಮತ್ತು ಏಳರಲ್ಲಿ ಮುಗಿಯುವವು ಬಂದೇನವಾಜನಿಗೆ, ಮೂರು ಮತ್ತು ಒಂಬತ್ತರಲ್ಲಿ ಮುಗಿಯುವವು ಮಾಸ್ತರರಿಗೆ. ಬೇರೆ ಕೊನೆ ಅವಕ್ಕೆ ಇರುವುದೂ ಇಲ್ಲ.

ಒಂದು ಕರಾರೂ ಆಯಿತು. ವಾರಕ್ಕೆ ಒಬ್ಬರಿಗೆ ಒಂದೇ ಅಂಕಿ. ಭಾಗಾಕಾರ ತಮ್ಮ ತಮ್ಮ ಮನೆಯಲ್ಲಿ, ಎರಡು ಬೇರೆ ಬೇರೆ ದಿನ, ಎರಡು ಸಲ. ಶುಕ್ರವಾರ ಕೂಡಿದಾಗ ಪುಸ್ತಕದಲ್ಲಿ ಬರೆಯುವುದು ಶೇಷ ಮಾತ್ರ. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿರುಗಿ ನೋಡುವಂತಿಲ್ಲ. ಈ ಕೊನೆಯ ಮಾತು ಬಂದೇನವಾಜನದು. "ನೋಡಿದ್ರ ನಂಬಿಕಿ ಎಲ್ಲಿ ಉಳೀತು?" ಎಂದಿದ್ದ.

ಈ ನಡಿಗೆಯಲ್ಲಿ ಹೋದರೆ ಮುಗಿಯಲು ಎಂಟು ವರ್ಷದ ಮೇಲೆ ಬೇಕು. ಬುದ್ಧಿ ಇದ್ದವರು ದಿನಕ್ಕೆ ಹತ್ತು ಮಾಡಿ ಎರಡು ತಿಂಗಳಲ್ಲಿ ಕೈ ತೊಳೆದುಕೊಳ್ಳುತ್ತಿದ್ದರು. ಇವರಿಬ್ಬರಿಗೂ ಬುದ್ಧಿ ಇತ್ತು. ಆದರೂ ವಾರಕ್ಕೆ ಒಂದೇ ಎಂದು ಠರಾಯಿಸಿದ್ದು ಯಾಕೆ ಎಂದು ಒಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ. ತುಳಜಾಬಾಯಿಗೆ ಮಾತ್ರ ಗೊತ್ತಿತ್ತು. "ನಿಮಗ ಲೆಕ್ಕ ಬೇಕಾಗಿಲ್ಲ, ಆ ಮನಿ ಬೇಕಾಗ್ಯದ," ಎನ್ನುತ್ತಿದ್ದಳು.

1948ರ ಬೇಸಿಗೆ ಕೆಟ್ಟದ್ದು. ನಿಜಾಮರ ಕಡೆಯ ರಜಾಕಾರರ ಗದ್ದಲ ಎದ್ದಿತ್ತು, ಹಿಂದೂಗಳು ಹೆದರಿದ್ದರು. ಮಾಸ್ತರರು ತುಳಜಾಬಾಯಿಯನ್ನು ಗಡಿಯಾಚೆ ಸೊಲ್ಲಾಪುರದ ಕಡೆಯ ತವರಿಗೆ ಕಳಿಸಿದರು, ತಾವು ಮಾತ್ರ ಬಸ್ಸು ಓಡಿದ ಶುಕ್ರವಾರಗಳಲ್ಲಿ ಕಲ್ಯಾಣಿಗೆ ಹೋಗುವುದನ್ನು ಬಿಡಲಿಲ್ಲ. ಬಂದೇನವಾಜ್ ಬಸ್ಸು ನಿಲ್ಲುವಲ್ಲಿಗೇ ಬಂದು ನಿಂತಿರುತ್ತಿದ್ದ. ಅವರ ಹೆಗಲ ಮೇಲೆ ಕೈ ಹಾಕಿಕೊಂಡು, ಯಾರೂ ತಡೆಯದಂತೆ, ಬಜಾರಿನ ನಟ್ಟನಡುವೆ ಮನೆಗೆ ಕರೆದೊಯ್ಯುತ್ತಿದ್ದ. ಸಂಜೆ ಹಾಗೆಯೇ ತಂದು ಬಿಡುತ್ತಿದ್ದ. ಆ ಕೈಯ ಭಾರ ಮಾಸ್ತರರ ಹೆಗಲು ಮರೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಹೆದರುವ ಸರದಿ ಬೇರೆಯವರದಾಯಿತು. ಆ ದಿನಗಳಲ್ಲಿ ನಡೆದದ್ದನ್ನೆಲ್ಲ ಹೇಳಲು ನನಗೆ ಮನಸ್ಸಿಲ್ಲ, ಕೇಳುವವರಿಗೂ ಹಿತವಲ್ಲ. ಬಂದೇನವಾಜ್ ಮತ್ತು ಕುಲ್ಸುಮ್ ಬೀ ಹದಿನೇಳು ದಿನ ಮುಡಬಿಯ ಅಮೋಘಸಿದ್ದಪ್ಪ ಎಂಬ ಒಕ್ಕಲಿಗನ ಹೊಲದ ಕೊಟ್ಟಿಗೆಯಲ್ಲಿ ಅಡಗಿ ಜೀವ ಉಳಿಸಿಕೊಂಡರು. ತಿರುಗಿ ಬಂದಾಗ ಮನೆಗೆ ಬಾಗಿಲಿರಲಿಲ್ಲ. ಒಳಗೆ ಮಿಷನ್ ಇರಲಿಲ್ಲ.

ನವೆಂಬರಿನ ಕೊನೆಗೆ ಬಸ್ಸು ಮತ್ತೆ ಓಡಿತು. ಅಷ್ಟರಲ್ಲಿ ಶಾಲೆಯ ರಜೆ ಭಾನುವಾರಕ್ಕೆ ತಿರುಗಿತ್ತು. ಮಾಸ್ತರರು ಹೋಗಿ ಆ ಬಾಗಿಲಿಲ್ಲದ ಮನೆಯ ಮುಂದೆ ನಿಂತರು. ನಾಚಿಕೆಯಾಯಿತು, ತಾವೇ ಹೊತ್ತೊಯ್ದಷ್ಟು ನಾಚಿಕೆ.

"ಒಳಗ ಬರ್ರಿ ಮಾಸ್ತರ್," ಎಂದ ಬಂದೇನವಾಜ್. "ಮಿಷನ್ ಹೋತು. ನಂಬರ್ ಉಳದದ."

ಪುಸ್ತಕವೂ ಉಳಿದಿತ್ತು. ಓದು ಬಾರದ ಕುಲ್ಸುಮ್ ಬೀ ಅದನ್ನು ಮನೆಯ ಕಾಗದಪತ್ರವೆಂದು ತಿಳಿದು ಗಂಟಿನಲ್ಲಿ ಕಟ್ಟಿಕೊಂಡು ಓಡಿದ್ದಳು. ಅಂದು ಇಬ್ಬರೂ ಬಿಟ್ಟಲ್ಲಿಂದ ಶುರು ಮಾಡಿದರು. ದರ್ಜಿಯದು 191, ಮಾಸ್ತರರದು 179.

ಮರುವಾರ, ಡಿಸೆಂಬರ್ ಐದರಂದು, ಮಾಸ್ತರರು ಹೋದಾಗ ಪಡಸಾಲೆಯಲ್ಲಿ ಮಕ್ಬೂಲ್ ಕೂತಿದ್ದ. ಕುಲ್ಸುಮ್ ಬೀಯ ತಮ್ಮ. ಬೇಮಳಖೇಡದಲ್ಲಿ ಹುಟ್ಟಿ ಹೈದರಾಬಾದ್ ಸೇರಿ, ಅಲ್ಲಿ ಬಟ್ಟೆ ಅಂಗಡಿ ಇಟ್ಟವ. ಅಕ್ಕನ ಮನೆಯ ಸ್ಥಿತಿ ನೋಡಿ ಅವನ ಕಣ್ಣು ಕೆಂಪಾಗಿದ್ದವು.

"ನನ್ನ ಅಂಗಡ್ಯಾಗ ಮೂರು ಮಿಷನ್ ಅದಾವ, ಭಾಯಿಜಾನ್," ಎನ್ನುತ್ತಿದ್ದ. "ಮ್ಯಾಲೆ ಖೋಲಿ ಅದ. ಇಲ್ಲಿ ಏನ್ ಉಳದದ ಹೇಳ್ರಿ? ಇವತ್ತ ನಡೀರಿ."

ಬಂದೇನವಾಜ್ ಕೈಹೊಲಿಗೆ ಹಾಕುತ್ತಿದ್ದ ಬಂಡಿ ಅಂಗಿಯಿಂದ ತಲೆಯೆತ್ತದೆ ಹೇಳಿದ: "ಬರ್ತೀನಿ. ನಂಬರ್ ಮುಗೀಲಿ."

"ಯಾವ ನಂಬರ್?"

ಮಾಸ್ತರರು ವಿವರಿಸಿದರು. ಮಕ್ಬೂಲ್ ಎಲ್ಲವನ್ನೂ ಕೇಳಿ, "ಇನ್ನ ಎಷ್ಟು ದಿನಾ ಹಿಡೀತದ?" ಎಂದ.

"ಎಂಟು ವರ್ಷ," ಎಂದರು ಮಾಸ್ತರರು. ಹೇಳಿದ ಮೇಲೆ ತಮಗೇ ಅಯ್ಯೋ ಅನ್ನಿಸಿತು.

ಮಕ್ಬೂಲ್ ಇಬ್ಬರ ಮುಖವನ್ನೂ ನೋಡಿ, ಗಲಾಟೆಯ ದಿನಗಳಲ್ಲಿ ಭಾವನ ತಲೆಗೆ ಪೆಟ್ಟು ಬಿದ್ದಿರಬೇಕೆಂದು ತೀರ್ಮಾನಿಸಿ ಎದ್ದು ಹೋದ. ಆದರೆ ಅವನು ಬಿಡುವ ಆಳಲ್ಲ. ತಿಂಗಳಿಗೊಂದು ಕಾಗದ ಬರೆಯುವುದಾಗಿ ಹೇಳಿ ಹೋದ, ಬರೆದ ಕೂಡ. ಅಂದು ಬಂದೇನವಾಜ್ 197ರ ಮುಂದೆ ಶೇಷ 58 ಎಂದು ಬರೆದ. ಮಾಸ್ತರರು 193ರ ಮುಂದೆ ತಮ್ಮದನ್ನು ಬರೆದರು.

ಇದಾಗಿ ಐದು ವಾರ. ಹುಮನಾಬಾದಿನ ಶಾಲೆಯಲ್ಲಿ ಊಟದ ಬಿಡುವು. ಮಾಸ್ತರರು 239 ಹಿಡಿದು ಕೂತಿದ್ದರು. ಅಂಕಿ ಒಂದೊಂದಾಗಿ ಇಳಿಯಿತು, ಕೊನೆಗೆ ಕಳೆದಾಗ ಏನೂ ಉಳಿಯಲಿಲ್ಲ. ತಪ್ಪಿರಬೇಕೆಂದು ಮತ್ತೆ ಮಾಡಿದರು. ಮೂರನೆಯ ಸಲ ಗುಣಿಸಿಯೇ ನೋಡಿದರು. 239ನ್ನು 1,98,773ರಿಂದ ಗುಣಿಸಿದರೆ ಮಿಷನ್ನಿನ ನಂಬರ್ ಕರಾರುವಾಕ್ಕಾಗಿ ಬಂತು.

ನಂಬರ್ ಒಡೆದಿತ್ತು. ಲೆಕ್ಕ ಮುಗಿದಿತ್ತು. ಬೇರೆ ಹೊತ್ತಿನಲ್ಲಾಗಿದ್ದರೆ ಮಾಸ್ತರರು ಧೋತರದ ಅಂಚು ಎತ್ತಿಕೊಂಡು ಕಲ್ಯಾಣಿಯ ತನಕ ಓಡುತ್ತಿದ್ದರೇನೋ. ಈಗ ಅವರಿಗೆ ಕಂಡದ್ದು ಒಂದೇ: ಬಂದೇನವಾಜ್ ಹೈದರಾಬಾದಿನ ಬಸ್ಸು ಹತ್ತುವುದು. ನಂಬರ್ ಮುಗೀಲಿ ಎಂದವನು ಅವನೇ, ಮಾತು ತಪ್ಪುವ ಮನುಷ್ಯನಲ್ಲ. ಅವನು ಹೋದ ಮೇಲೆ ಕಲ್ಯಾಣಿಯ ಬಸ್ಸಿನಲ್ಲಿ ತಮಗೇನು ಕೆಲಸ? ನಲವತ್ತೆರಡು ವರ್ಷದ ಮನುಷ್ಯ, ಕಪ್ಪು ಹಲಗೆಯ ಮುಂದೆ, ಸೀಮೆಸುಣ್ಣ ಹಿಡಿದು ಅತ್ತುಬಿಟ್ಟರು.

ಅತ್ತ ಮೇಲೂ ಲೆಕ್ಕದ ಮಾಸ್ತರರೇ ತಾನೆ. ಆ 1,98,773 ಇನ್ನೂ ಒಡೆಯುತ್ತದೋ ನೋಡೋಣವೆಂದು ಆ ವಾರವಿಡೀ ಕೂತರು. 239ಕ್ಕಿಂತ ಚಿಕ್ಕವುಗಳನ್ನು ಮುಟ್ಟುವ ಅಗತ್ಯವಿರಲಿಲ್ಲ. ಅವೆಲ್ಲ ಆಗಲೇ ಪುಸ್ತಕದಲ್ಲಿದ್ದವು. ಇಡೀ ಅಂಕಿಯೇ ಅವುಗಳಿಂದ ಪಾಲಾಗಿಲ್ಲವೆಂದ ಮೇಲೆ ಅದರ ತುಂಡು ಹೇಗೆ ಪಾಲಾದೀತು? ಅಲ್ಲಿಂದ ಮೇಲಿನವನ್ನಷ್ಟೇ 445ರ ತನಕ ನೋಡಿದರು, ಈ ತುಂಡಿಗೆ ಅಷ್ಟು ಸಾಕು. ಒಂದೂ ತಾಕಲಿಲ್ಲ. ಹಾಗಾದರೆ ತುಂಡು ಎರಡೇ, ಎರಡೂ ಮುಂದೆ ಒಡೆಯದವು. ಭಾನುವಾರ ಕಲ್ಯಾಣಿಗೆ ಹೋಗಿ 116 ಎಂದು ಬರೆದರು. ಕೊನೆಯ ಆರರ ಬಾಲ ಉದ್ದವಾಯಿತು. ಬಂದೇನವಾಜ್ ಆ ಅಂಕಿಯನ್ನು ಬಹಳ ಹೊತ್ತು ನೋಡಿದ.

"ನೂರಾ ಹದಿನಾರು," ಎಂದ.

"ಹೌದ್ರಿ ಭಾಯಿ. ನೂರಾ ಹದಿನಾರು."

"ಛಲೋ ಆತು," ಎಂದು ಪುಸ್ತಕ ಮುಚ್ಚಿದ.

ಒಂದು ಸುಳ್ಳಿಗೆ ಮನುಷ್ಯ ಎಷ್ಟು ಬಾಡಿಗೆ ಕೊಡಬೇಕೋ ಅದನ್ನೆಲ್ಲ ಮಾಸ್ತರರು ಆ ಇಡೀ ವರ್ಷ ಕೊಟ್ಟರು. ಒಡೆದುಹೋದ ಅಂಕಿಯನ್ನು ಒಡೆಯಲು ಪ್ರತಿ ವಾರ ಹೊಸ ಅಂಕಿ ಹಿಡಿದು ಕೂತರು. ಅವನ್ನೆಲ್ಲ ಪ್ರಾಮಾಣಿಕವಾಗಿ ಎರಡೆರಡು ಸಲ ಭಾಗಿಸಿದರು, ಅದೊಂದಾದರೂ ನೆಟ್ಟಗಿರಲಿ ಎಂದು. ಕಲ್ಯಾಣಿಯಲ್ಲಿ ಶೇರವಾನಿ ಹೊಲಿಸುವವರು ಯಾರೂ ಉಳಿದಿರಲಿಲ್ಲ. ಅದನ್ನು ತೊಟ್ಟು ಬೀದಿಗೆ ಬರುವ ಕಾಲವೇ ಹೋಗಿತ್ತು. ಮಾಸ್ತರರೇ ತಮ್ಮ ಶೇರವಾನಿಯನ್ನು ಮೊಳಕಾಲಿನಿಂದ ಸೊಂಟಕ್ಕೆ ಕತ್ತರಿಸಿ ಕೋಟು ಮಾಡಿಸಿಕೊಂಡರು. ಬಂದೇನವಾಜ್ ಬಂಡಿ, ಚಡ್ಡಿ, ಹಳೆ ಸೀರೆಯ ಕೌದಿ, ಬಂದದ್ದನ್ನೆಲ್ಲ ಕೈಯಲ್ಲೇ ಹೊಲಿಯುತ್ತಿದ್ದ. ಬೆರಳ ತುದಿಗಳು ಸೂಜಿ ತಾಗಿ ತಾಗಿ ದಡ್ಡುಗಟ್ಟಿದ್ದವು. ಹೈದರಾಬಾದಿನಲ್ಲಿ ಮೂರು ಮಿಷನ್ನು ಅವನಿಗಾಗಿ ಕಾದಿವೆ, ತಾನು ಒಂದು ಸೊನ್ನೆ ಬಚ್ಚಿಟ್ಟು ಅವನನ್ನು ಇಲ್ಲಿ ಕಟ್ಟಿಹಾಕಿದ್ದೇನೆ ಎಂದು ಮಾಸ್ತರರು ಆ ಬೆರಳು ನೋಡಿದಾಗಲೆಲ್ಲ ಕುಗ್ಗುತ್ತಿದ್ದರು.

ಕುಲ್ಸುಮ್ ಬೀ ಚಹಾ ತಂದಿಟ್ಟು ಪ್ರತಿ ಸಲ ಕೇಳುತ್ತಿದ್ದಳು: "ಭಾಯಿಸಾಬ್, ಇನ್ನ ಎಷ್ಟು ಉಳದಾವ?"

"ಭಾಳ ಅದಾವ ಭಾಬಿ," ಎನ್ನುವರು. ಅವಳು ಒಳಗೆ ಹೋಗುತ್ತಿದ್ದಳು. ಪಾಪ, ಯಾವಾಗ ಮುಗಿದೀತು, ತಮ್ಮನ ಮನೆ ಸೇರಿ ಯಾವಾಗ ಸುಖವಾಗಿ ಇದ್ದೇನು ಎಂದು ದಿನ ಎಣಿಸುತ್ತಿದ್ದಾಳೆ ಎಂದು ಮಾಸ್ತರರು ತಿಳಿದರು. ಆ ಚಹಾವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

1950ರ ಜನವರಿಗೆ ಮಕ್ಬೂಲನ ಕೊನೆಯ ಕಾಗದ ಬಂತು. ಖೋಲಿ ಖಾಲಿ ಇಟ್ಟು ವರ್ಷವಾಯಿತು, ಅಂಗಡಿಗೆ ದರ್ಜಿ ಬೇಕೇ ಬೇಕು, ಎಂಟನೇ ತಾರೀಖು ಭಾನುವಾರ ತಾನೇ ಬರುತ್ತೇನೆ, ಬಂದರೆ ಸರಿ, ಇಲ್ಲದಿದ್ದರೆ ಬೇರೆಯವನನ್ನು ಇಟ್ಟುಕೊಳ್ಳುತ್ತೇನೆ ಎಂದು ಬರೆದಿದ್ದ. ಬಂದೇನವಾಜ್ ಅದನ್ನು ಮಾಸ್ತರರಿಗೆ ಓದಿ ತೋರಿಸಿ, ಮಡಚಿ, ಪುಸ್ತಕದೊಳಗೆ ಇಟ್ಟ.

ಮಾಸ್ತರರು ಆ ವಾರ ಊಟ ಬಿಟ್ಟರು. ಶನಿವಾರ ತುಳಜಾಬಾಯಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡರು. ಅವಳು ಕೇಳಿ ಮುಗಿಸಿ, "ಅವರ ಹೊಟ್ಟಿ ಅವರದು. ನೀವು ಯಾರು ಹಿಡಿದಿಡಾಕ?" ಎಂದಳು. ಆಮೇಲೆ ಗಂಡನ ಮುಖ ನೋಡಿ ದನಿ ತಗ್ಗಿಸಿದಳು. "ಹೇಳಿ ಬರ್ರಿ. ಹೇಳದಿದ್ರ ನಿಮಗ ನಿದ್ದಿ ಇಲ್ಲ, ಅದರಿಂದ ನನಗೂ ಇಲ್ಲ."

ಭಾನುವಾರ ಮಧ್ಯಾಹ್ನ. ಪಡಸಾಲೆಯಲ್ಲಿ ಮಕ್ಬೂಲ್ ಕೂತಿದ್ದ. ನಾಲ್ಕು ಗಂಟೆಯ ಬಸ್ಸಿಗೆ ಹೊರಡಬೇಕೆಂದು ಎರಡು ಗಂಟು ಕಟ್ಟಲು ಅಕ್ಕನಿಗೆ ಹೇಳಿಯೂ ಆಗಿತ್ತು. ಗಂಟು ಮಾತ್ರ ಕಟ್ಟಿರಲಿಲ್ಲ. ಬಂದೇನವಾಜ್ ಎಂದಿನಂತೆ ಪುಸ್ತಕ ತೆರೆದು, "ನಿಮ್ಮದು ಎಂಟುನೂರ ಐವತ್ತೊಂಬತ್ತು ಅಲ್ಲೇನ್ರಿ ಮಾಸ್ತರ್? ಎಷ್ಟು ಉಳೀತು?" ಎಂದ.

ಮಾಸ್ತರರು ಲೇಖನಿ ಮುಟ್ಟಲಿಲ್ಲ. ನಿಂತೇ ಇದ್ದರು.

"ಭಾಯಿ, ನಂಬರ್ ಒಡದದ," ಎಂದರು. "ಎರಡ್ನೂರ ಮೂವತ್ತೊಂಬತ್ತರಿಂದ ಹೋಗ್ತದ. ಹೋದ ವರ್ಷ ಜನವರ್ಯಾಗ ನನಗ ಗೊತ್ತಾಗ್ಯದ. ನೂರಾ ಹದಿನಾರು ಅಂತ ಬರದೆ, ಅದು ಖೋಟಾ. ನೀವು ಹೋಗಬಾರದಂತ ಬರದೆ. ನನ್ನ ಸ್ವಾರ್ಥ, ಮತ್ತೇನಿಲ್ಲ. ವರ್ಷಪೂರ್ತಿ ನಿಮ್ಮ ಬೆರಳಿಗಿ ಸೂಜಿ ಚುಚ್ಚಿದವ ನಾನೇ. ಮಾಫ್ ಮಾಡ್ರಿ. ಇವತ್ತ ಮಕ್ಬೂಲ್ ಭಾಯಿ ಕೂಡ ಹೋಗ್ರಿ."

ಮಕ್ಬೂಲ್ ತಟ್ಟನೆ ಎದ್ದು ನಿಂತ. ಬಂದೇನವಾಜ್ ಅಲ್ಲಾಡಲಿಲ್ಲ.

"ಎರಡ್ನೂರ ಮೂವತ್ತೊಂಬತ್ತು," ಎಂದ ನಿಧಾನವಾಗಿ. "ಇನ್ನೊಂದು ತುಂಡು ಎಷ್ಟು?"

"ಒಂದು ಲಕ್ಷ ತೊಂಬತ್ತೆಂಟು ಸಾವಿರದ ಏಳ್ನೂರ ಎಪ್ಪತ್ತಮೂರು. ಅದು ಮುಫ್ರದ್. ಅದು ಒಡೆಯಂಗಿಲ್ಲ."

"ಒಡೀತದ."

"ಇಲ್ಲ ಭಾಯಿ. ನೋಡೀನಿ."

"ಚಿಕ್ಕವು ನೋಡಿಲ್ಲ. ಯಾಕಂದ್ರ ನನ್ನ ಪುಸ್ತಕ ನಂಬೀರಿ," ಎಂದ ದರ್ಜಿ. ಹಾಳೆ ತಿರುವಿ 197ರ ಮೇಲೆ ದಡ್ಡುಗಟ್ಟಿದ ಬೆರಳಿಟ್ಟ. "ಈ ಐವತ್ತೆಂಟು ಖೋಟಾ ಅದ ಮಾಸ್ತರ್. ಇಲ್ಲಿ ಸೊನ್ನಿ ಇರಬೇಕಿತ್ತು."

ಮಾಸ್ತರರು ದೊಪ್ಪನೆ ಕೂತರು. ಮನಸ್ಸಿನಲ್ಲೇ ಭಾಗಿಸಿದರು. 1,98,773ನ್ನು 197ರಿಂದ. ಒಂದು ಸಾವಿರದ ಒಂಬತ್ತು. ಏನೂ ಉಳಿಯಲಿಲ್ಲ. ಮೂರು ತುಂಡು: 197, 239, 1,009. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಇಂಥ ಹಸಿ ತಪ್ಪು ಅವರು ಮಾಡಿರಲಿಲ್ಲ.

"ಯಾವಾಗ?"

"ನಿಮಗಿಂತ ಐದು ವಾರ ಮೊದಲ. ಆ ಬುಧವಾರ ನೋಡಿದೆ. ಶನಿವಾರ ಇವ ಬಂದ," ಎಂದು ಗದ್ದದಿಂದ ಮಕ್ಬೂಲನ ಕಡೆ ತೋರಿಸಿದ. "ಹೋಗಾಕ ಮನಸಿಲ್ಲ, ಇರಾಕ ಧೈರ್ಯ ಇಲ್ಲ. ಈ ಊರಾಗ ನಾ ಇರಬೇಕಂತ ಯಾರಿಗರ ಅನಸ್ತದೋ ಇಲ್ಲೋ ಅದೂ ಗೊತ್ತಿಲ್ಲ. ಒಂದು ನೆಪ ಬೇಕಿತ್ತು, ನಂಬರ್ ಮುಗೀಲಿ ಅಂದೆ. ಅದು ಆಗಲೇ ಮುಗದಿತ್ತು."

"ಹಂಗಾದ್ರ ಎರಡ್ನೂರ ಮೂವತ್ತೊಂಬತ್ತು…" ಮಾಸ್ತರರ ಮಾತು ಅರ್ಧಕ್ಕೇ ನಿಂತಿತು.

"ಅದೂ ನನಗ ಗೊತ್ತಿತ್ತು. ನೂರಾ ತೊಂಬತ್ತೇಳು ತಗದ ಮ್ಯಾಲೆ ಉಳದದ್ದನ್ನ ನಾ ಬಿಟ್ಟೇನೇನು? ಅದೂ ಒಡೀತು. ಎರಡ್ನೂರ ಮೂವತ್ತೊಂಬತ್ತು, ನಿಮ್ಮ ಪಾಲಿಂದು. ನಿಮ್ಮ ಪಟ್ಟಿ ನೋಡಿದೆ, ಐದು ವಾರಕ್ಕ ನಿಮ್ಮ ಕೈಗಿ ಬರ್ತದ. ಬಂದ ದಿನಾ ಮಾಸ್ತರ್ ಕುಣಕೋತ ಬಂದು ಹೇಳ್ತಾರ, ಒಡೀತು ಭಾಯಿ, ಅಂತ. ಅವತ್ತ ನಾ ಗಂಟು ಕಟ್ಟೋದು ಅಂತ ಠರಾಯಿಸಿದ್ದೆ."

ಬಂದೇನವಾಜ್ ಹಾಳೆ ತಿರುವಿ ಉದ್ದ ಬಾಲದ ಆ ಆರನ್ನು ನೋಡಿದ. ಅವನ ದನಿ ಒಡೆಯಿತು.

"ನೀವು ಬಂದ್ರಿ. ಇಲ್ಲೇ ಕುಂತ್ರಿ. ನೂರಾ ಹದಿನಾರು ಅಂತ ಬರದ್ರಿ. ಸಾರು ಛಲೋ ಅದ ಅಂತ ಹೆಂಡ್ತಿಗಿ ಸುಳ್ಳು ಹೇಳಾಕ ಬರದ ಮನಷ್ಯಾ ನೀವು. ನನ್ನ ಇಟ್ಕೊಳ್ಳಾಕ ಲೆಕ್ಕದಾಗ ಸುಳ್ಳು ಬರದ್ರಿ. ಅವತ್ತ ನಾ ಇಲ್ಲೇ ಇರೋದಂತ ಆತು. ನೀವು ನನ್ನ ಕಟ್ಟಿಹಾಕಿಲ್ಲ ಮಾಸ್ತರ್. ನಾನ ನಿಂತೀನಿ."

ಮಾಸ್ತರರು ಕೋಟಿನ ತೋಳಿನಿಂದ ಮುಖ ಒರೆಸಿಕೊಂಡರು, ಅದು ಆ ದರ್ಜಿಯೇ ಹೊಲಿದ ತೋಳು. ಐವತ್ತು ವಾರ ಇಬ್ಬರೂ ಎದುರುಬದುರು ಕೂತು, ಒಡೆದ ಅಂಕಿಯನ್ನು ಒಡೆಯುವ ಆಟವಾಡಿದ್ದರು. ಆಟ ಇಬ್ಬರದೂ ಎಂದು ಒಬ್ಬನಿಗೆ ಗೊತ್ತಿತ್ತು, ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

"ಇನ್ನ ಏಳು ವಾರಕ್ಕ ಸಾವಿರದ ಒಂಬತ್ತೂ ನಿಮ್ಮ ಪಾಲಿಗೇ ಬರ್ತಿತ್ತು," ಎಂದ ಬಂದೇನವಾಜ್, ಮೂಗು ಒರೆಸಿಕೊಂಡು ನಗುತ್ತ. "ಅದಕ್ಕೇನು ಬರೀತಿದ್ರೋ ನೋಡಬೇಕಂತ ಕುಂತಿದ್ದೆ."

ಮಕ್ಬೂಲನಿಗೆ ನಗು ಬರಲಿಲ್ಲ. "ನಂಬರ್ ಮುಗೀತಲ್ಲ ಭಾಯಿಜಾನ್. ಇನ್ನ ಏನ್ ಕಾರಣ ಹೇಳ್ತೀರಿ?"

"ಕಾರಣ ಇಲ್ಲ. ಬರಂಗಿಲ್ಲ."

ಮಕ್ಬೂಲ್ ಅಕ್ಕನ ಕಡೆ ತಿರುಗಿದ. "ಆಪಾ, ನೀ ಹೇಳು. ಮುಗೀಲಿ ಮುಗೀಲಿ ಅಂತ ನೀನ ದಾರಿ ಕಾಯಾಕತ್ತಿದ್ದಿ."

"ಯಾರ ಅಂದ್ರು?" ಎಂದಳು ಕುಲ್ಸುಮ್ ಬೀ. "ಮುಗದ್ರ ಹೋಗಬೇಕಾಗ್ತದಲ್ಲ ಅಂತ ಹೆದರಿ ಕೇಳ್ತಿದ್ದೆ. ಇನ್ನ ಭಾಳ ಅದಾವ ಅಂದ್ರ ಒಳಗ ಹೋಗಿ ಅಲ್ಲಾಗ ಶುಕ್ರ್ ಅಂತಿದ್ದೆ. ಇಷ್ಟ್ ದಿನಾ ಆತು, ನಿನಗ ಏನ್ ಬೇಕು ಅಂತ ನೀವು ಮೂರೂ ಮಂದಿ ಒಂದ ದಿನಾ ಕೇಳಲಿಲ್ಲ." ಅವಳ ಸಿಟ್ಟು ನ್ಯಾಯವಾದದ್ದೇ. ಮೂವರೂ ತಲೆ ತಗ್ಗಿಸಿದರು. ಅವಳು ಚಹಾಕ್ಕೆ ನೀರಿಡಲು ಒಳಗೆ ಹೋದಳು.

ನಾಲ್ಕರ ಬಸ್ಸಿಗೆ ಮಕ್ಬೂಲ್ ಮತ್ತು ಮಾಸ್ತರರು ಇಬ್ಬರೇ ಹತ್ತಿದರು. ಹುಮನಾಬಾದಿನಲ್ಲಿ ಮಾಸ್ತರರು ಇಳಿಯಬೇಕು, ಮಕ್ಬೂಲ್ ಹೈದರಾಬಾದಿನ ಬಸ್ಸು ಹಿಡಿಯಬೇಕು. ಒಂದೇ ಸೀಟು ಸಿಕ್ಕಿತು. ಅವನು ಮುಖ ತಿರುಗಿಸಿ ಹೊರಗಿನ ಜೋಳದ ಹೊಲಗಳನ್ನು ನೋಡುತ್ತಿದ್ದ. ಸಿಟ್ಟಾಗಿದ್ದಾನೆ, ಸಿಟ್ಟಾಗಲು ಹಕ್ಕಿದೆ ಎಂದುಕೊಂಡ ಮಾಸ್ತರರು ಸೀಟಿನ ಅಂಚಿಗೆ ಸರಿದು ಕೂತರು. ಒಂದು ಕಡೆ ಬಿಡುಗಡೆಯಾದ ಹಗುರ, ಇನ್ನೊಂದು ಕಡೆ ಈ ತಮ್ಮನ ಕೆಂಪು ಕಣ್ಣು.

ಹುಮನಾಬಾದಿನ ಮನೆಗಳು ಕಾಣತೊಡಗಿದಾಗ ಮಕ್ಬೂಲ್ ಬಾಯಿ ಬಿಟ್ಟ.

"ಮಾಸ್ತರ್, ನಂಗ ನಿಮ್ಮ ಹಿಸಾಬ್ ತಿಳಿಯಂಗಿಲ್ಲ. ನನಗ ಇರೋದು ಒಬ್ಬಾಕೇ ಅಕ್ಕ. ಆ ಮನಿಗಿ ಇವತ್ತಿಗೂ ನೆಟ್ಟನ ಬಾಗಲಿಲ್ಲ."

"ಗೊತ್ತದ್ರಿ," ಎಂದರು ಮಾಸ್ತರರು.

"ಇನ್ನ ನಂಬರ್ ಇಲ್ಲ. ಆದ್ರೂ ಹೋಗ್ತೀರೇನು, ಬರೋ ವಾರ?"

"ಹೋಗ್ತೀನ್ರಿ."

"ಅದರ ಮುಂದಿನ ವಾರ?"

"ಹೋಗ್ತೀನಿ."

ಬಸ್ಸು ನಿಂತಿತು. ಮಕ್ಬೂಲ್ ಎದ್ದು ಅವರಿಗೆ ದಾರಿ ಬಿಟ್ಟ. ಮಾಸ್ತರರು ಇಳಿಯಲು ಹೊರಟಾಗ ಅವನು ಅವರ ಹೆಗಲ ಮೇಲೆ ಕೈಯಿಟ್ಟು ಗಟ್ಟಿಯಾಗಿ ಹಿಡಿದ.

"ಒಂದ ವಾರನೂ ತಪ್ಪಿಸಬ್ಯಾಡ್ರಿ," ಎಂದ.